ಕಂದಕದ ಮಣ್ಣು, ಹೊಳೆಯ ಸೆಳೆತ, ಗುಡ್ಡದ ಏರು: ಲೈನ್ ಇಂಟಿಗ್ರಲ್ ಲೆಕ್ಕ ಹಾಕುವ ಬಗೆ

ಕಾಫಿ ತೋಟದ ಕಾಡಂಚಿಗೆ ಆನೆ ಕಂದಕ ತೋಡಿಸಬೇಕು. ಎಷ್ಟು ಮಣ್ಣು ಎತ್ತಬೇಕಾದೀತು? ಅಗಲ, ಆಳ ಎಲ್ಲೆಡೆ ಒಂದೇ ಆದರೆ ಕಂದಕದ ಅಡ್ಡಕೊಯ್ತದ ವಿಸ್ತೀರ್ಣವನ್ನು ಉದ್ದದಿಂದ ಗುಣಿಸಿದರೆ ಮುಗಿಯಿತು. ಆದರೆ ಕೊಡಗಿನಲ್ಲಿ ತೋಟದ ಅಂಚು ನೇರವಾಗಿರುವುದು ಅಪರೂಪ. ಆಳವೂ ಹಾಗೆಯೇ: ಬಂಡೆ ಸಿಕ್ಕಲ್ಲಿ ಕಡಿಮೆ, ಮಣ್ಣು ಮೆತ್ತಗಿದ್ದಲ್ಲಿ ಹೆಚ್ಚು. ಆಗ ಕಂದಕವನ್ನು ಸಣ್ಣ ಸಣ್ಣ ತುಂಡು ಮಾಡಿಕೊಂಡು, ಒಂದೊಂದು ತುಂಡಿನ ವಿಸ್ತೀರ್ಣವನ್ನು ಆ ತುಂಡಿನ ಉದ್ದದಿಂದ ಗುಣಿಸಿ, ಎಲ್ಲವನ್ನೂ ಕೂಡಬೇಕು. ತುಂಡುಗಳು ಸಣ್ಣದಾದಷ್ಟೂ ಮೊತ್ತ ಒಂದು ನಿರ್ದಿಷ್ಟ ಸಂಖ್ಯೆಗೆ ಹತ್ತಿರವಾಗುತ್ತದೆ. ಆ ಸಂಖ್ಯೆಯೇ ಲೈನ್ ಇಂಟಿಗ್ರಲ್.

ಕನ್ನಡದಲ್ಲಿ ಇದನ್ನು ರೇಖಾ ಅನುಕಲ ಎನ್ನುತ್ತಾರೆ. ಹೆಸರಿನಲ್ಲಿ ರೇಖೆ ಇದೆಯೆಂದು ನೇರ ಗೆರೆ ಅಂದುಕೊಳ್ಳಬೇಡಿ, ಘಾಟಿ ರಸ್ತೆಯಂತೆ ಹೇಗೆ ಬೇಕಾದರೂ ಬಳುಕುವ ದಾರಿ ಅದು. ಪಿಯುಸಿಯಲ್ಲಿ ಮಾಡಿದ ಸಾಮಾನ್ಯ ಇಂಟಿಗ್ರಲ್ ಇದರದೇ ಸಪ್ಪೆ ರೂಪ, ಅಲ್ಲಿ ದಾರಿ ಎಂದರೆ ಎಕ್ಸ್ ಅಕ್ಷ, ಅಷ್ಟೆ.

ಈ ಲೆಕ್ಕದಲ್ಲಿ ಎಡವುವವರು ಹೆಚ್ಚಾಗಿ ಇಂಟಿಗ್ರೇಶನ್‌ನಲ್ಲಿ ಎಡವುವುದಿಲ್ಲ. ಪ್ರತಿ ತುಂಡಿನಲ್ಲಿ ಯಾವುದನ್ನು ಯಾವುದರಿಂದ ಗುಣಿಸಬೇಕು ಎಂದು ತೀರ್ಮಾನಿಸದೆಯೇ ಪೆನ್ನು ಎತ್ತುತ್ತಾರೆ, ಎಡವಟ್ಟಾಗುವುದು ಅಲ್ಲಿ. ಗುಣಾಕಾರಗಳು ಎರಡೇ ಬಗೆ.

ಒಂದು, ದಾರಿಯ ಮೇಲಿನ ಒಂದು ಬೆಲೆಯನ್ನು ತುಂಡಿನ ಉದ್ದದಿಂದ ಗುಣಿಸುವುದು. ಉದ್ದಕ್ಕೆ ಡಿಎಸ್ ಎಂಬ ಗುರುತು. ಕಂದಕದ ಮಣ್ಣು, ಬೇಲಿಯ ಖರ್ಚು, ತಂತಿಯ ತೂಕ ಈ ಜಾತಿಯವು. ಆ ತುದಿಯಿಂದ ತೋಡಿದರೂ ಈ ತುದಿಯಿಂದ ತೋಡಿದರೂ ಮಣ್ಣು ಅಷ್ಟೇ, ಇಲ್ಲಿ ದಿಕ್ಕಿಗೆ ಬೆಲೆಯಿಲ್ಲ.

ಇನ್ನೊಂದು, ಬಾಣದಂತೆ ದಿಕ್ಕುಳ್ಳ ಒಂದು ರಾಶಿಯನ್ನು (ಬಲ, ನೀರಿನ ವೇಗ, ಗಾಳಿ) ದಿಕ್ಕುಳ್ಳ ಪುಟ್ಟ ಹೆಜ್ಜೆಯೊಡನೆ ಡಾಟ್ ಗುಣಾಕಾರ ಮಾಡುವುದು. ಹೆಜ್ಜೆಗೆ ಡಿಆರ್ ಎಂಬ ಗುರುತು. ಬಾಣದಲ್ಲಿ ಹೆಜ್ಜೆಯ ದಿಕ್ಕಿಗೆ ಬೀಳುವ ಪಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ, ಅಡ್ಡಲಾಗಿರುವ ಪಾಲು ಸೊನ್ನೆ. ದಾರಿಯನ್ನು ತಿರುಗಿಸಿ ನಡೆದರೆ ಉತ್ತರದ ಚಿಹ್ನೆಯೂ ತಿರುಗುತ್ತದೆ.

ಪ್ರಶ್ನೆಯಲ್ಲಿ ಡಿಎಸ್ ಇದೆಯೋ ಡಿಆರ್ ಇದೆಯೋ ಎಂದು ಮೊದಲು ನೋಡಿ. ಎರಡೂ ಇಲ್ಲದೆ 'ಪಿ ಡಿಎಕ್ಸ್ + ಕ್ಯೂ ಡಿವೈ' ಎಂದಿದ್ದರೆ ಅದು ಡಿಆರ್ ಜಾತಿಯದೇ, ಬಿಡಿಸಿ ಬರೆದ ರೂಪ.

ಮೊದಲು ಕಂದಕ

ಪೂರ್ವಕ್ಕೆ ಎಕ್ಸ್, ಉತ್ತರಕ್ಕೆ ವೈ, ಎರಡೂ ಮೀಟರ್‌ನಲ್ಲಿ. ತೋಟದ ಮೂಲೆ 100 ಮೀಟರ್ ತ್ರಿಜ್ಯದ ಕಾಲು ವೃತ್ತದಂತೆ ಬಾಗಿದೆ ಎನ್ನಿ, (100, 0) ಬಿಂದುವಿನಿಂದ (0, 100) ಬಿಂದುವಿನವರೆಗೆ. ಕಂದಕ ಮೇಲೆ 2.5 ಮೀಟರ್, ತಳದಲ್ಲಿ 1.5 ಮೀಟರ್ ಅಗಲ, ಅಂದರೆ ಸರಾಸರಿ 2 ಮೀಟರ್. ಆಳ ಆರಂಭದಲ್ಲಿ 2 ಮೀಟರ್, ಉತ್ತರಕ್ಕೆ ಹೋದಂತೆ ಏರುತ್ತಾ ಕೊನೆಯಲ್ಲಿ 3 ಮೀಟರ್: ಆಳ = 2 + ವೈ/100. ಹಾಗಾಗಿ ಅಡ್ಡಕೊಯ್ತದ ವಿಸ್ತೀರ್ಣ

ಎ = 4 + 0.02·ವೈ ಚದರ ಮೀಟರ್.

ಈಗ ದಾರಿಯನ್ನು ಒಂದೇ ಸಂಖ್ಯೆಯ ಕೈಗೆ ಕೊಡಬೇಕು. ಇದೇ ಪ್ಯಾರಾಮೀಟರ್ ಕೊಡುವುದು. ನಡೆಯುವವನ ಕೈಯಲ್ಲಿ ಗಡಿಯಾರ ಇದೆ ಎಂದುಕೊಳ್ಳಿ. ಗಡಿಯಾರದಲ್ಲಿ ಟಿ ಎಂದಿರುವಾಗ ಅವನು ಎಲ್ಲಿದ್ದಾನೆ ಎಂದು ಹೇಳಿದರೆ ಸಾಕು:

ಎಕ್ಸ್ = 100 ಕಾಸ್ ಟಿ, ವೈ = 100 ಸೈನ್ ಟಿ, ಟಿ ಸೊನ್ನೆಯಿಂದ ಪೈ/2 ವರೆಗೆ.

ಮುಂದಿನದು ಡಿಎಸ್. ಅವಕಲನ ತೆಗೆದರೆ ಎಕ್ಸ್‌ನ ವೇಗ −100 ಸೈನ್ ಟಿ, ವೈಯ ವೇಗ 100 ಕಾಸ್ ಟಿ. ಎರಡನ್ನೂ ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆದರೆ 100. ಆದ್ದರಿಂದ ಡಿಎಸ್ = 100 ಡಿಟಿ. ಎಲ್ಲವನ್ನೂ ಇಟ್ಟರೆ

∫ (4 + 2 ಸೈನ್ ಟಿ)·100 ಡಿಟಿ = 100·(4·ಪೈ/2 + 2) = 200·ಪೈ + 200 ≈ 828.3 ಘನ ಮೀಟರ್.

ಉತ್ತರವನ್ನು ಹಾಗೆಯೇ ಬಿಡಬೇಡಿ, ಒರೆಗೆ ಹಚ್ಚಿ. ಕಂದಕದ ಉದ್ದ 50·ಪೈ, ಸುಮಾರು 157.1 ಮೀಟರ್. 828.3 ಅನ್ನು ಅದರಿಂದ ಭಾಗಿಸಿದರೆ ಸರಾಸರಿ ವಿಸ್ತೀರ್ಣ 5.27 ಚದರ ಮೀಟರ್. ವಿಸ್ತೀರ್ಣ 4ರಿಂದ 6ರವರೆಗೆ ಏರುವುದರಿಂದ 5.27 ನಂಬುವಂಥ ಸಂಖ್ಯೆ. ಡಿಎಸ್ ಬದಲಿಗೆ ಬರೀ ಡಿಟಿ ಬರೆದವರಿಗೆ 8.28 ಬರುತ್ತದೆ, ಅಂದರೆ ಒಂದೂವರೆ ನೂರು ಮೀಟರ್ ಕಂದಕದಿಂದ ಒಂದು ಟಿಪ್ಪರ್‌ನಷ್ಟು ಮಣ್ಣು! ಈ ಜಾತಿಯ ಲೆಕ್ಕದಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಟಿ ಎಂದರೆ ಉದ್ದವಲ್ಲ, ಗಡಿಯಾರ. ಗಡಿಯಾರವನ್ನು ಉದ್ದಕ್ಕೆ ಬದಲಿಸಿ ಕೊಡುವುದು ಆ ವರ್ಗಮೂಲದ ಅಂಶ. ತ್ರಿಜ್ಯ 1 ಇರುವ ವೃತ್ತದಲ್ಲಿ ಮಾತ್ರ ಅದು 1 ಆಗಿ ಕಣ್ಮರೆಯಾಗುತ್ತದೆ. ತರಗತಿಯ ಮೊದಲ ಉದಾಹರಣೆಗಳೆಲ್ಲ ಆ ವೃತ್ತದವೇ ಆಗಿರುವುದರಿಂದ ಮರೆವು ಅಲ್ಲಿಂದಲೇ ಅಭ್ಯಾಸವಾಗಿಬಿಡುತ್ತದೆ.

ನಡೆಯುವವನು ಬೇಗ ನಡೆದರೆ ಮಣ್ಣು ಬದಲಾಗುತ್ತದೆಯೇ? ಅದೇ ಎರಡು ಬಿಂದುಗಳ ನಡುವೆ ನೇರ ಕಂದಕ ತೋಡಿ ನೋಡೋಣ. ಎಕ್ಸ್ = 100(1 − ಟಿ), ವೈ = 100ಟಿ ಎಂದಿಟ್ಟರೆ ಡಿಎಸ್ = 100√2 ಡಿಟಿ, ಸೊನ್ನೆಯಿಂದ ಒಂದರವರೆಗೆ (4 + 2ಟಿ) ಯ ಇಂಟಿಗ್ರಲ್ 5, ಉತ್ತರ 500√2, ಸುಮಾರು 707.1. ಈಗ ಅದೇ ಗೆರೆಯ ಮೇಲೆ ನಿಧಾನವಾಗಿ ಹೊರಟು ಆಮೇಲೆ ಓಡುವವನನ್ನು ಕಳಿಸಿ: ವೈ = 100ಟಿ². ಡಿಎಸ್ = 200√2·ಟಿ ಡಿಟಿ ಆಗುತ್ತದೆ, (4 + 2ಟಿ²)·ಟಿ ಯ ಇಂಟಿಗ್ರಲ್ 2.5, ಗುಣಿಸಿದರೆ ಮತ್ತೆ 500√2. ಓಟದ ವೇಗ ಡಿಎಸ್‌ನೊಳಗೆ ಸೇರಿ ತಾನೇ ಸರಿಹೋಯಿತು. ಆದ್ದರಿಂದ ನಿಮಗೆ ಅನುಕೂಲವಾದ ಪ್ಯಾರಾಮೀಟರ್ ಆರಿಸಿಕೊಳ್ಳಬಹುದು. ಷರತ್ತು ಒಂದೇ, ನಡೆದ ದಾರಿಯಲ್ಲಿ ಹಿಂದೆ ಬಂದು ಮತ್ತೆ ಮುಂದೆ ಹೋಗಬಾರದು. ಹೋದರೆ ಅಷ್ಟು ಮಣ್ಣನ್ನು ಮೂರು ಸಲ ಎಣಿಸಿದಂತೆ.

ಪ್ಯಾರಾಮೀಟರ್‌ಗೆ ನೆನಪಿಡಬೇಕಾದ ಅಚ್ಚುಗಳು ಮೂರೇ. ನೇರ ಗೆರೆಗೆ: ಆರಂಭ + ಟಿ·(ಕೊನೆ − ಆರಂಭ), ಟಿ ಸೊನ್ನೆಯಿಂದ ಒಂದು. ವೃತ್ತಕ್ಕೆ ಕಾಸ್ ಮತ್ತು ಸೈನ್. ವೈಯನ್ನು ಎಕ್ಸ್‌ನಲ್ಲಿ ಬರೆದ ಗೆರೆಗೆ ಎಕ್ಸ್ = ಟಿ. ಮೂಲೆಯಿರುವ ದಾರಿಗೆ ಮೂಲೆಯಿಂದ ಮೂಲೆಗೆ ಬೇರೆ ಬೇರೆಯಾಗಿ ಮಾಡಿ ಕೊನೆಗೆ ಕೂಡಿ. ಒಂದೇ ಸೂತ್ರದಲ್ಲಿ ಎಲ್ಲವನ್ನೂ ತುರುಕಲು ಹೋಗಬೇಡಿ.

ಸೂತ್ರವಿಲ್ಲದ ದಾರಿ

ನಿಜವಾದ ತೋಟದ ಅಂಚಿಗೆ ಯಾರೂ ಸೂತ್ರ ಬರೆದು ಕೊಟ್ಟಿರುವುದಿಲ್ಲ. ಮೊಬೈಲ್‌ನ ಜಿಪಿಎಸ್ ಬಿಂದುಗಳಷ್ಟೇ ಕೈಯಲ್ಲಿರುತ್ತವೆ. ಆಗ ಬಿಂದುವಿನಿಂದ ಬಿಂದುವಿಗೆ ನೇರ ಗೆರೆ ಎಳೆದು, ಪ್ರತಿ ಗೆರೆಯ ನಡುಬಿಂದುವಿನ ಬೆಲೆಯನ್ನು ಗೆರೆಯ ಉದ್ದದಿಂದ ಗುಣಿಸಿ ಕೂಡುವುದು. ಮೇಲಿನ ಕಾಲು ವೃತ್ತಕ್ಕೇ ಇದನ್ನು ಮಾಡಿದರೆ ದೋಷ ಎಷ್ಟೆಂದು ತಿಳಿಯುತ್ತದೆ. 0, 30, 60, 90 ಡಿಗ್ರಿಗಳಲ್ಲಿ ನಾಲ್ಕು ಬಿಂದು, ಮೂರು ಗೆರೆ, ಪ್ರತಿಯೊಂದರ ಉದ್ದ 51.76 ಮೀಟರ್. ನಡುಬಿಂದುಗಳ ವೈ ಬೆಲೆ 25.0, 68.3, 93.3. ವಿಸ್ತೀರ್ಣ 4.50, 5.366, 5.866, ಮೊತ್ತ 15.732. ಗುಣಿಸಿದರೆ ಸುಮಾರು 814.4. ನಿಜ ಉತ್ತರಕ್ಕಿಂತ ಶೇಕಡಾ 1.7ರಷ್ಟು ಕಡಿಮೆ. ಬರೀ ಮೂರು ತುಂಡಿಗೆ ಇದು ಕೆಟ್ಟದ್ದೇನಲ್ಲ. ಕಡಿಮೆ ಬಂದದ್ದು ಆಕಸ್ಮಿಕವೂ ಅಲ್ಲ, ಬಾಗಿದ ದಾರಿಯನ್ನು ನೇರ ಗೆರೆ ಒಳದಾರಿಯಲ್ಲಿ ಕತ್ತರಿಸಿ ಹೋಗುತ್ತದೆ.

ಹಾಗೆಂದು ಪ್ರತಿ ಸೆಕೆಂಡಿಗೊಂದು ಬಿಂದು ತೆಗೆದುಕೊಂಡರೆ ಎದುರು ತಪ್ಪು ಕಾದಿರುತ್ತದೆ. ಮರದಡಿಯಲ್ಲಿ ಜಿಪಿಎಸ್ ಬಿಂದು ಕೆಲವು ಮೀಟರ್ ಅತ್ತಿತ್ತ ಹಾರುತ್ತದೆ. ಆ ಹಾರಾಟವೆಲ್ಲ ಉದ್ದಕ್ಕೆ ಸೇರಿ ಬೇಲಿ ಉಬ್ಬುತ್ತದೆ. ಸಿಲ್ವರ್ ಓಕ್ ದಟ್ಟವಾಗಿರುವ ತೋಟದಲ್ಲಿ ಹತ್ತಿಪ್ಪತ್ತು ಮೀಟರ್‌ಗೊಂದು ಬಿಂದು, ಜೊತೆಗೆ ಪ್ರತಿ ತಿರುವಿನಲ್ಲೂ ಒಂದು, ಇಷ್ಟಿದ್ದರೆ ಒಳ್ಳೆಯದು.

ಇನ್ನೊಂದು ಸಂಗತಿ ಬಯಲುಸೀಮೆಯವರಿಗೆ ಅಷ್ಟಾಗಿ ತಟ್ಟುವುದಿಲ್ಲ, ಇಲ್ಲಿ ತಟ್ಟುತ್ತದೆ. ನಕ್ಷೆಯ ಮೇಲಿನ ಉದ್ದ ಬೇರೆ, ನೆಲದ ಮೇಲಿನ ಉದ್ದ ಬೇರೆ. ಏರಿನಲ್ಲಿ ಡಿಎಸ್ ಎಂದರೆ ಎಕ್ಸ್, ವೈ ಜೊತೆಗೆ ಎತ್ತರದ ಬದಲಾವಣೆಯನ್ನೂ ವರ್ಗ ಮಾಡಿ ಕೂಡಿದ ವರ್ಗಮೂಲ. 100 ಮೀಟರ್‌ಗೆ 20 ಮೀಟರ್ ಏರುವ ದಾರಿಯಲ್ಲಿ ವ್ಯತ್ಯಾಸ ಶೇಕಡಾ 2 ಮಾತ್ರ, ಬಿಟ್ಟುಬಿಡಬಹುದು. ಏರಿನ ಕೋನ 30 ಡಿಗ್ರಿಯಾದರೆ ಶೇಕಡಾ 15ಕ್ಕೂ ಮೇಲೆ: ನಕ್ಷೆಯಲ್ಲಿ 200 ಮೀಟರ್ ಕಂಡ ಸೋಲಾರ್ ಬೇಲಿಗೆ ಸುಮಾರು 231 ಮೀಟರ್ ತಂತಿ ಬೇಕು. ಇಲ್ಲಿ ಗುಡ್ಡ ಎಷ್ಟು ಕಡಿದು ಎನ್ನುವುದು ಮುಖ್ಯವಲ್ಲ, ನಿಮ್ಮ ದಾರಿ ಎಷ್ಟು ಏರುತ್ತದೆ ಎನ್ನುವುದು ಮುಖ್ಯ. ಸಮಪಾತಳಿಯ ಗೆರೆ ಹಿಡಿದು ಹೋಗುವ ಕಾಫಿ ಸಾಲು ಎಂಥ ಕಡಿದಾದ ಗುಡ್ಡದಲ್ಲೂ ನಕ್ಷೆಯ ಉದ್ದವನ್ನೇ ಕೊಡುತ್ತದೆ.

ಹೊಳೆಯಲ್ಲಿ ದಿಕ್ಕಿನ ಲೆಕ್ಕ

ಈಗ ಎರಡನೇ ಜಾತಿ. ದುಬಾರೆಯಲ್ಲಿ ಕಾವೇರಿ ದಾಟಿದವರು ಕಂಡಿರುತ್ತಾರೆ, ದಡದ ಬಳಿ ನೀರು ಮಂದ, ನಡುವೆ ಸೆಳೆತ ಜಾಸ್ತಿ. ಲೆಕ್ಕಕ್ಕೆ 40 ಮೀಟರ್ ಅಗಲದ ಹೊಳೆ ತೆಗೆದುಕೊಳ್ಳಿ. ನೀರು ಪೂರ್ವಕ್ಕೆ ಹರಿಯುತ್ತದೆ, ದಕ್ಷಿಣ ದಡ ವೈ = 0. ವೇಗದ ಬಾಣ ಎಫ್‌ಗೆ ಪೂರ್ವದ ಪಾಲು ಪಿ, ಉತ್ತರದ ಪಾಲು ಕ್ಯೂ:

ಪಿ = ವೈ·(40 − ವೈ)/200, ಕ್ಯೂ = 0.

ದಡದಲ್ಲಿ ವೇಗ ಸೊನ್ನೆ, ನಡುನೀರಿನಲ್ಲಿ ಸೆಕೆಂಡಿಗೆ 2 ಮೀಟರ್. ದಡದ (0, 0) ಬಿಂದುವಿನಿಂದ ನಡುನೀರಿನ ಬಂಡೆ (30, 20) ವರೆಗೆ ಹೋಗಬೇಕು. ದಾರಿಯುದ್ದಕ್ಕೂ ನೀರು ನಮ್ಮ ದಿಕ್ಕಿಗೆ ಎಷ್ಟು ಜೊತೆ ಕೊಟ್ಟಿತು ಎಂಬುದೇ ∫ ಎಫ್ · ಡಿಆರ್, ಅಂದರೆ ∫ ಪಿ ಡಿಎಕ್ಸ್ + ಕ್ಯೂ ಡಿವೈ. ಇದನ್ನು ಕೆಲಸ ಎಂದು ಕರೆಯಬೇಡಿ. ಎಫ್ ಬಲವಾಗಿದ್ದರೆ ಮಾತ್ರ ಕೆಲಸ, ಉತ್ತರ ಜೌಲ್‌ನಲ್ಲಿ. ಇಲ್ಲಿ ಎಫ್ ವೇಗ, ಉತ್ತರದ ಮಾನ ಸೆಕೆಂಡಿಗೆ ಚದರ ಮೀಟರ್, ಹೆಸರು ಹರಿವು.

ದಾರಿ ಒಂದು: ದಡ ಹಿಡಿದು 30 ಮೀಟರ್ ನಡೆದು, ಅಲ್ಲಿಂದ ನೇರ ಉತ್ತರಕ್ಕೆ. ದಡದಲ್ಲಿ ವೈ = 0, ಆದ್ದರಿಂದ ಪಿ = 0. ಉತ್ತರಕ್ಕೆ ಹೋಗುವಾಗ ಡಿಎಕ್ಸ್ = 0, ನೀರು ಅಡ್ಡಕ್ಕೆ ತಳ್ಳುತ್ತದೆಯೇ ಹೊರತು ಮುಂದಕ್ಕಲ್ಲ. ಮೊತ್ತ ಸೊನ್ನೆ.

ದಾರಿ ಎರಡು: ಮೊದಲು ನೇರ ನಡುನೀರಿಗೆ, ಆಮೇಲೆ ಹರಿವಿನ ಜೊತೆ ಪೂರ್ವಕ್ಕೆ. ಮೊದಲ ಪಾಲು ಸೊನ್ನೆ. ಎರಡನೆಯದರಲ್ಲಿ ಪಿ = 2, ದೂರ 30, ಗುಣಿಸಿದರೆ 60.

ದಾರಿ ಮೂರು: ಓರೆಯಾಗಿ ನೇರ ಗೆರೆ. ಎಕ್ಸ್ = 30ಟಿ, ವೈ = 20ಟಿ. ಪಿ ಯಲ್ಲಿ ವೈ ಜಾಗಕ್ಕೆ 20ಟಿ ಇಟ್ಟರೆ 20ಟಿ·(40 − 20ಟಿ)/200 = 2ಟಿ(2 − ಟಿ). ಡಿಎಕ್ಸ್ = 30 ಡಿಟಿ. ಆಗ

∫ 60ಟಿ(2 − ಟಿ) ಡಿಟಿ = 60·(1 − 1/3) = 40.

ಆರಂಭವೂ ಅದೇ, ಕೊನೆಯೂ ಅದೇ, ಉತ್ತರ ಮಾತ್ರ 0, 60, 40. ಇಲ್ಲಿ ದಾರಿ ಹೇಳದೆ ಪ್ರಶ್ನೆಗೆ ಅರ್ಥವೇ ಇಲ್ಲ.

ಮೂರನೇ ದಾರಿಯಲ್ಲಿ ಒಂದು ಗುಂಡಿ ಇದೆ. ಡಿಎಕ್ಸ್ ಕಂಡೊಡನೆ ಎಕ್ಸ್ ಮಾತ್ರ ಬದಲಾಗುತ್ತಿದೆ, ವೈ ಸ್ಥಿರ ಎಂದುಕೊಂಡು 'ವೈ(40 − ವೈ)/200 ಗುಣಿಸು 30' ಎಂದು ಬರೆಯುವವರಿದ್ದಾರೆ. ಓರೆ ದಾರಿಯಲ್ಲಿ ಎಕ್ಸ್ ಜೊತೆಗೆ ವೈಯೂ ನಡೆಯುತ್ತಿರುತ್ತದೆ. ಎರಡನ್ನೂ ಟಿಯಲ್ಲಿ ಬರೆದ ಮೇಲೆಯೇ ಇಂಟಿಗ್ರೇಶನ್‌ಗೆ ಕೈ ಹಾಕಿ. ಕೊನೆಯ ಉತ್ತರದಲ್ಲಿ ಎಕ್ಸ್ ಅಥವಾ ವೈ ಉಳಿದುಕೊಂಡಿದ್ದರೆ ಮುಂದೆ ಹೋಗದೆ ಹಿಂದೆ ನೋಡಿ.

ಗುಡ್ಡದಲ್ಲಿ ದಾರಿ ಲೆಕ್ಕಕ್ಕಿಲ್ಲ

ಕೊಡಗಿನ ಅತಿ ಎತ್ತರದ ಶಿಖರ ತಡಿಯಂಡಮೋಳ್, 1,748 ಮೀಟರ್. 1,148 ಮೀಟರ್ ಎತ್ತರದ ಒಂದು ತಾಣದಿಂದ 10 ಕಿಲೋ ಚೀಲ ಹೊತ್ತು ಶಿಖರಕ್ಕೆ ಏರಿದರೆ ಗುರುತ್ವ ಬಲ ಚೀಲದ ಮೇಲೆ ಮಾಡಿದ ಕೆಲಸ −10 × 9.8 × 600 = −58,800 ಜೌಲ್. ಸೀಳುದಾರಿಯಲ್ಲಿ ಏದುಸಿರು ಬಿಟ್ಟು ಹತ್ತಿದರೂ ಅಷ್ಟೇ, ಬಳಸುದಾರಿಯಲ್ಲಿ ಕೂತು ಎದ್ದು ಹೋದರೂ ಅಷ್ಟೇ. ಗುರುತ್ವ ನೇರ ಕೆಳಕ್ಕೆ ಎಳೆಯುತ್ತದೆ, ಅಡ್ಡ ನಡೆದ ಹೆಜ್ಜೆಗಳೆಲ್ಲ ಡಾಟ್ ಗುಣಾಕಾರದಲ್ಲಿ ಸೊನ್ನೆಯಾಗಿ, ಏರಿದ ಎತ್ತರ ಮಾತ್ರ ಉಳಿಯುತ್ತದೆ. ಮೊಣಕಾಲಿನ ನೋವು, ಜೀಪಿನ ಡೀಸೆಲ್ ಇವೆಲ್ಲ ದಾರಿಯನ್ನು ಅವಲಂಬಿಸಿದವು. ಅವುಗಳನ್ನು ಈ ಲೆಕ್ಕದೊಳಗೆ ಎಳೆಯಬೇಡಿ.

ಪ್ರತಿ ಬಿಂದುವಿನಲ್ಲೂ ಒಂದೊಂದು ಬಾಣ ಇದ್ದರೆ ಅದನ್ನು ಕ್ಷೇತ್ರ ಎನ್ನುತ್ತಾರೆ. ದಾರಿ ಲೆಕ್ಕಕ್ಕೆ ಬಾರದ ಇಂಥ ಕ್ಷೇತ್ರಕ್ಕೆ ಸಂರಕ್ಷಿತ ಕ್ಷೇತ್ರ (ಕನ್ಸರ್ವೇಟಿವ್ ಫೀಲ್ಡ್) ಎಂದು ಹೆಸರು. ಅದರ ಹಿಂದೆ 'ಎತ್ತರ' ಎನ್ನಬಹುದಾದ ಒಂದು ಫಂಕ್ಷನ್ ಅಡಗಿರುತ್ತದೆ, ಪೊಟೆನ್ಶಿಯಲ್. ಅದನ್ನು ಯು ಎನ್ನೋಣ. ಯುವಿನ ಗ್ರೇಡಿಯೆಂಟ್ ಎಂದರೆ ಅತಿ ಕಡಿದಾದ ಏರಿನತ್ತ ತೋರಿಸುವ ಬಾಣ. ಎಫ್ ಆ ಬಾಣವೇ ಆಗಿದ್ದರೆ ಇಂಟಿಗ್ರಲ್ ಎಂದರೆ ಕೊನೆಯ ಎತ್ತರ ಕಳೆ ಆರಂಭದ ಎತ್ತರ. ಪ್ಯಾರಾಮೀಟರ್ ಬೇಡ, ಡಿಟಿ ಬೇಡ.

ಎಫ್ ಅಂಥದ್ದೇ ಎಂದು ತಿಳಿಯುವುದು ಹೇಗೆ? ಪಿಯನ್ನು ವೈ ಹಿಡಿದು ಆಂಶಿಕ ಅವಕಲನ ಮಾಡಿ (ವೈ ಮಾತ್ರ ಬದಲಾಗುತ್ತದೆ, ಎಕ್ಸ್ ಸ್ಥಿರ ಎಂದುಕೊಂಡು), ಕ್ಯೂವನ್ನು ಎಕ್ಸ್ ಹಿಡಿದು ಮಾಡಿ (ಈಗ ವೈ ಸ್ಥಿರ). ಎರಡೂ ಸಮನಾಗಿರಬೇಕು. ಯಾವುದನ್ನು ಯಾವುದರಿಂದ ಎಂದು ಅದಲುಬದಲಾಗುವುದು ಸಾಮಾನ್ಯ. ಅಡ್ಡಡ್ಡ ಎಂದು ನೆನಪಿಡಿ, ಡಿಎಕ್ಸ್ ಜೊತೆಗಿರುವವನಿಗೆ ವೈ, ಡಿವೈ ಜೊತೆಗಿರುವವನಿಗೆ ಎಕ್ಸ್.

ಒಂದು ಉದಾಹರಣೆ:

ಪಿ = 2·ಎಕ್ಸ್·ವೈ + 3, ಕ್ಯೂ = ಎಕ್ಸ್² − 2·ವೈ.

ಪಿಯದು 2·ಎಕ್ಸ್, ಕ್ಯೂವಿನದೂ 2·ಎಕ್ಸ್. ಪಾಸಾಯಿತು. ಈಗ ಯು ಹುಡುಕಬೇಕು. ಪಿಯನ್ನು ಎಕ್ಸ್ ಹಿಡಿದು ಇಂಟಿಗ್ರೇಟ್ ಮಾಡಿದರೆ ಎಕ್ಸ್²·ವೈ + 3·ಎಕ್ಸ್. ಇಲ್ಲಿ ಕೊನೆಗೆ ಅಭ್ಯಾಸಬಲದಿಂದ 'ಸಿ' ಎಂಬ ಸ್ಥಿರಾಂಕ ಸೇರಿಸಿದರೆ ಕೆಟ್ಟಿತು. ಎಕ್ಸ್ ಹಿಡಿದು ಅವಕಲನ ಮಾಡುವಾಗ ವೈ ಮಾತ್ರ ಇರುವ ಯಾವ ಪದವೂ ಮಾಯವಾಗುತ್ತದೆ, ಹಾಗಾಗಿ ಸೇರಿಸಬೇಕಾದದ್ದು ವೈಯ ಒಂದು ಫಂಕ್ಷನ್, ಜಿ(ವೈ). ಮುಂದೆ ಇಡೀ ಯುವನ್ನು ವೈ ಹಿಡಿದು ಅವಕಲನ ಮಾಡಿ: ಎಕ್ಸ್² + ಜಿ ಯ ಅವಕಲನ. ಇದು ಕ್ಯೂಗೆ ಸಮ ಆಗಬೇಕು, ಆದ್ದರಿಂದ ಜಿ ಯ ಅವಕಲನ −2·ವೈ, ಜಿ = −ವೈ². ಕೊನೆಗೆ

ಯು = ಎಕ್ಸ್²·ವೈ + 3·ಎಕ್ಸ್ − ವೈ².

(0, 0) ರಿಂದ (2, 1) ಕ್ಕೆ: 4 + 6 − 1 = 9. ನಂಬಿಕೆ ಬಾರದಿದ್ದರೆ ಎರಡು ದಾರಿಯಲ್ಲಿ ನಡೆದು ನೋಡಿ. ನೇರ ಗೆರೆ ಎಕ್ಸ್ = 2ಟಿ, ವೈ = ಟಿ ಇಟ್ಟರೆ ಒಳಗಿನದು 12ಟಿ² − 2ಟಿ + 6, ಇಂಟಿಗ್ರಲ್ 4 − 1 + 6 = 9. ಬಾಗಿದ ದಾರಿ ಎಕ್ಸ್ = 2ಟಿ, ವೈ = ಟಿ² ಇಟ್ಟರೆ 12ಟಿ³ + 6, ಇಂಟಿಗ್ರಲ್ 3 + 6 = 9.

ಹೊಳೆಯ ಕ್ಷೇತ್ರಕ್ಕೆ ಇದೇ ಪರೀಕ್ಷೆ ಹಾಕಿದರೆ ಪಿಯದು (40 − 2·ವೈ)/200, ಕ್ಯೂವಿನದು ಸೊನ್ನೆ. ಫೇಲು. ಇಂಥಲ್ಲಿ ಯು ಹುಡುಕಲು ಹೊರಟರೆ ಜಿ(ವೈ) ಹಂತದಲ್ಲಿ ಎಕ್ಸ್ ಬಂದು ಅಡ್ಡ ನಿಲ್ಲುತ್ತದೆ, ವೈ ಮಾತ್ರ ಇರಬೇಕಾದ ಜಾಗದಲ್ಲಿ. ಅಷ್ಟು ದೂರ ಹೋಗದೆ ಪರೀಕ್ಷೆಯನ್ನೇ ಮೊದಲು ಮಾಡಿಕೊಂಡರೆ ಅರ್ಧ ಪುಟ ಉಳಿಯುತ್ತದೆ.

ಪಾಸಾದರೂ ಮೋಸ ಮಾಡುವ ಕ್ಷೇತ್ರ

ಪಿ = −ವೈ/(ಎಕ್ಸ್² + ವೈ²), ಕ್ಯೂ = ಎಕ್ಸ್/(ಎಕ್ಸ್² + ವೈ²). ಅಡ್ಡಡ್ಡ ಪರೀಕ್ಷೆಯಲ್ಲಿ ಇದು ಪಾಸು. ಆದರೂ ಕೇಂದ್ರದ ಸುತ್ತ ಎಡಸುತ್ತು (ಗಡಿಯಾರದ ಮುಳ್ಳಿಗೆ ಎದುರಾಗಿ) ಒಂದು ವೃತ್ತ ನಡೆದರೆ ಸೊನ್ನೆ ಬರುವುದಿಲ್ಲ, 2·ಪೈ ಬರುತ್ತದೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಮಂದ್‌ಗೆ (ಊರವರು ಸೇರುವ ಬಯಲಿಗೆ) ಹೋಗಿ ಕೋಲಾಟ ನೋಡಿ. ಮಂದ್‌ನ ನಡುವೆ ನಿಂತವನು ಒಬ್ಬ ಆಟಗಾರನನ್ನೇ ದಿಟ್ಟಿಸುತ್ತಿದ್ದರೆ ತಲೆ ಎಷ್ಟು ಕೋನ ತಿರುಗುತ್ತದೋ ಅದೇ ಈ ಇಂಟಿಗ್ರಲ್. ಆಟಗಾರ ಒಂದು ಸುತ್ತು ಬಂದರೆ 2·ಪೈ, ಎರಡು ಸುತ್ತಿಗೆ 4·ಪೈ. ಅವನು ಒಂದು ಮೂಲೆಯಲ್ಲೇ ಪುಟ್ಟ ಸುತ್ತು ಹಾಕಿದರೆ ತಲೆ ಸ್ವಲ್ಪ ತಿರುಗಿ ಮತ್ತೆ ಇದ್ದಲ್ಲಿಗೆ ಬರುತ್ತದೆ, ಸೊನ್ನೆ. ಸುತ್ತಿನ ವೃತ್ತ ದೊಡ್ಡದೋ ಚಿಕ್ಕದೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ಹೀಗಾಗಲು ಕಾರಣ ಕೇಂದ್ರ. ಅಲ್ಲಿ ಛೇದ ಸೊನ್ನೆ, ಕ್ಷೇತ್ರವೇ ಇಲ್ಲ. ಪರೀಕ್ಷೆಯನ್ನು ನಂಬಬೇಕಾದರೆ ಪ್ರದೇಶದಲ್ಲಿ ತೂತು ಇರಬಾರದು. ಛೇದದಲ್ಲಿ ಎಕ್ಸ್² + ವೈ² ಥರದ್ದು ಕಂಡರೆ ದಾರಿ ಆ ತೂತನ್ನು ಸುತ್ತುತ್ತದೆಯೇ ಎಂದು ಮೊದಲು ಚಿತ್ರ ಬರೆದು ನೋಡಿ.

ಸುತ್ತು ಬಂದರೆ ಒಳಗಿನದು ತಿಳಿಯುತ್ತದೆ

ದಾರಿ ಹೊರಟಲ್ಲಿಗೇ ಮರಳಿದರೆ ಗ್ರೀನ್ ಪ್ರಮೇಯ ಕೈ ಹಿಡಿಯುತ್ತದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಜಾರ್ಜ್ ಗ್ರೀನ್ 1828ರಲ್ಲಿ ವಿದ್ಯುತ್ತು ಮತ್ತು ಕಾಂತತ್ವದ ಬಗ್ಗೆ ಬರೆದ ಪ್ರಬಂಧದಿಂದ ಹುಟ್ಟಿದ ವಿಚಾರಗಳಿಗೆ ಅವರ ಹೆಸರು ಅಂಟಿದೆ. ಪ್ರಮೇಯ ಹೇಳುವುದು ಇಷ್ಟು: ಎಡಸುತ್ತು ನಡೆದಾಗ ∮ ಪಿ ಡಿಎಕ್ಸ್ + ಕ್ಯೂ ಡಿವೈ ಎಂದರೆ, (ಕ್ಯೂವಿನ ಎಕ್ಸ್ ಅವಕಲನ ಕಳೆ ಪಿಯ ವೈ ಅವಕಲನ) ಎಂಬುದನ್ನು ಒಳಗಿನ ಇಡೀ ಜಾಗದ ಮೇಲೆ ಕೂಡಿದ ಮೊತ್ತ. ಎಡಸುತ್ತು ಎಂದರೆ ನಡೆಯುವಾಗ ಒಳಗಿನ ಜಾಗ ನಿಮ್ಮ ಎಡಗೈಗೆ ಇರಬೇಕು. ಮೇಲಿನಂಥ ತೂತು ಒಳಗಿದ್ದರೆ ಪ್ರಮೇಯವನ್ನು ನೇರ ಹಾಕುವಂತಿಲ್ಲ.

ಹೊಳೆಗೇ ಹಾಕಿ ನೋಡೋಣ. ದಾರಿ ಒಂದರಲ್ಲಿ ಬಂಡೆಗೆ ಹೋಗಿ, ದಾರಿ ಎರಡರಲ್ಲಿ ಹಿಂದೆ ಬಂದರೆ 0 − 60 = −60. ಒಳಗಿನ ಆಯತ 30 × 20 = 600 ಚದರ ಮೀಟರ್. ಕೂಡಬೇಕಾದ ರಾಶಿ −(40 − 2·ವೈ)/200, ದಡದಲ್ಲಿ −0.2, ನಡುನೀರಿನಲ್ಲಿ 0, ಸಮವಾಗಿ ಬದಲಾಗುವುದರಿಂದ ಸರಾಸರಿ −0.1. 600ರಿಂದ ಗುಣಿಸಿದರೆ −60. ಚಿಹ್ನೆಗೂ ಕಣ್ಣಿಗೆ ಕಾಣುವ ಅರ್ಥವಿದೆ. ಈ ದಡದ ಬಳಿ ಬಿದ್ದ ಎಲೆಯ ಹೊಳೆ ಕಡೆಯ ಅಂಚನ್ನು ನೀರು ಹೆಚ್ಚು ಎಳೆಯುತ್ತದೆ, ಎಲೆ ಬಲಸುತ್ತು ತಿರುಗುತ್ತದೆ, ಅದಕ್ಕೇ ಋಣ. ನಡುನೀರಿನ ಎಲೆ ತಿರುಗದೆ ಸುಮ್ಮನೆ ತೇಲಿ ಹೋಗುತ್ತದೆ.

ಇದೇ ಪ್ರಮೇಯದಲ್ಲಿ ಪಿ = −ವೈ/2, ಕ್ಯೂ = ಎಕ್ಸ್/2 ಇಟ್ಟರೆ ಒಳಗೆ ಕೂಡುವುದು ಬರೀ 1, ಅಂದರೆ ವಿಸ್ತೀರ್ಣ. ತೋಟದೊಳಕ್ಕೆ ಕಾಲಿಡದೆ ಬೇಲಿಯ ಸುತ್ತ ನಡೆದೇ ಎಕರೆ ಲೆಕ್ಕ ತೆಗೆಯಬಹುದು. ಬೇಲಿ ನೇರ ಗೆರೆಗಳದಾದರೆ ಒಂದು ಮೂಲೆಯಿಂದ ಮುಂದಿನ ಮೂಲೆಗೆ ಬರುವ ಪಾಲು: (ಮೊದಲ ಎಕ್ಸ್ × ಮುಂದಿನ ವೈ − ಮುಂದಿನ ಎಕ್ಸ್ × ಮೊದಲ ವೈ)/2. ನಾಲ್ಕು ಮೂಲೆಗಳು (0, 0), (120, 20), (100, 110), (10, 80) ಎನ್ನಿ. ಅರ್ಧ ಮಾಡುವ ಮೊದಲಿನ ಪಾಲುಗಳು 0, 11,200, 6,900, 0. ಮೊತ್ತ 18,100, ಅರ್ಧ 9,050 ಚದರ ಮೀಟರ್. ಎಕರೆಗೆ 4,046.86 ಚದರ ಮೀಟರ್, ಹಾಗಾಗಿ ಸುಮಾರು 2 ಎಕರೆ 24 ಸೆಂಟು. ಇದು ನಕ್ಷೆಯ ವಿಸ್ತೀರ್ಣ, ಇಳಿಜಾರಿನ ಮೈಯ ವಿಸ್ತೀರ್ಣವಲ್ಲ. ಭೂಮಾಪನದ ಎಕರೆಯೂ ಅದೇ. ಬೇಲಿಯ ತಂತಿಗೆ ಮಾತ್ರ ಏರಿನ ಉದ್ದ ಬೇಕು, ಎರಡನ್ನೂ ಬೆರೆಸಬೇಡಿ.

ಮೂಲೆಗಳನ್ನು ಜಿಪಿಎಸ್‌ನಿಂದ ತೆಗೆದರೆ ಅವು ಡಿಗ್ರಿಯಲ್ಲಿರುತ್ತವೆ, ಮೊದಲು ಮೀಟರ್ ಮಾಡಿಕೊಳ್ಳಿ. ಮಡಿಕೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ. ಅಲ್ಲಿ ಉತ್ತರ ದಕ್ಷಿಣವಾಗಿ ಒಂದು ಡಿಗ್ರಿಗೆ 110.6 ಕಿಲೋಮೀಟರ್, ಪೂರ್ವ ಪಶ್ಚಿಮವಾಗಿ ಸುಮಾರು 108.7. ಎರಡಕ್ಕೂ 111 ಹಾಕಿದರೆ ವಿಸ್ತೀರ್ಣ ಶೇಕಡಾ ಎರಡೂವರೆಯಷ್ಟು ಉಬ್ಬುತ್ತದೆ. ಒಂದು ಮೂಲೆಯನ್ನೇ (0, 0) ಮಾಡಿಕೊಳ್ಳಿ. ಇಲ್ಲದಿದ್ದರೆ ದೊಡ್ಡ ದೊಡ್ಡ ಸಂಖ್ಯೆಗಳನ್ನು ಒಂದರಿಂದೊಂದು ಕಳೆಯುವಾಗ ಕೊನೆಯ ಅಂಕಿಗಳು ಹಾಳಾಗುತ್ತವೆ.

ಮೂಲೆಗಳ ಸರದಿ ತಪ್ಪಿದರೆ ಮಾತ್ರ ಉತ್ತರ ಪೂರ್ತಿ ಕೆಡುತ್ತದೆ. ಮೇಲಿನ ಎರಡನೇ ಮತ್ತು ಮೂರನೇ ಮೂಲೆಗಳನ್ನು ಅದಲುಬದಲು ಮಾಡಿ ಬರೆದರೆ ಪಾಲುಗಳು 0, −11,200, 9,400, 0, ಅರ್ಧ ಮಾಡಿದರೆ −900. ಬೇಲಿ ತನ್ನನ್ನು ತಾನೇ ದಾಟಿ ಇಂಗ್ಲಿಷಿನ ಎಂಟರ ಆಕಾರವಾಯಿತು, ಒಂದು ಕಿವಿ ಎಡಸುತ್ತು, ಇನ್ನೊಂದು ಬಲಸುತ್ತು, ಒಂದರಲ್ಲಿ ಇನ್ನೊಂದು ಕಳೆದುಹೋಯಿತು. ಎರಡು ಎಕರೆ ಚಿಲ್ಲರೆ ತೋಟ 22 ಸೆಂಟಿಗೆ ಇಳಿಯಿತು. ಬರೀ ಋಣ ಚಿಹ್ನೆ ಬಂದಿದ್ದರೆ ಬಲಸುತ್ತು ನಡೆದಿದ್ದೀರಿ ಎಂದಷ್ಟೇ ಅರ್ಥ, ಚಿಹ್ನೆ ತೆಗೆದರಾಯಿತು. ಸಂಖ್ಯೆಯೇ ಅನುಮಾನ ಹುಟ್ಟಿಸುವಷ್ಟು ಸಣ್ಣದಾಗಿದ್ದರೆ ಬಿಂದುಗಳನ್ನು ಕಾಗದದ ಮೇಲೆ ಬರೆದ ಸರದಿಯಲ್ಲೇ ಜೋಡಿಸಿ ನೋಡಿ, ಗೆರೆ ಎಲ್ಲಿ ಗೆರೆಯನ್ನು ದಾಟುತ್ತದೋ ಅಲ್ಲಿ ಸರದಿ ತಪ್ಪಿರುತ್ತದೆ.